ಫುಟ್‌ಬಾಲ್ ಹುಚ್ಚು, ಹಿಮ್ಮಡಿ ನೋವು ಮತ್ತು ವಾರಕ್ಕೆ ಐದು ದಿನದ ಕೋಚಿಂಗು

ಪ್ರಶ್ನೆ: ಡಾಕ್ಟರೇ ನಮಸ್ಕಾರ. ನನ್ನ ಮಗಳಿಗೆ 9 ವರ್ಷ, ಫುಟ್‌ಬಾಲ್ ಅಂದ್ರೆ ಪ್ರಾಣ. ಒಂದು ವರ್ಷದಿಂದ ಕೋಚಿಂಗಿಗೆ ಹೋಗ್ತಿದಾಳೆ. ಮೊದ್ಲು ವಾರಕ್ಕೆ 2 ದಿನ ಇತ್ತು, ಈಗ ಕೋಚ್ 5 ದಿನ, ದಿನಕ್ಕೆ 2 ಗಂಟೆ ಬರ್ಲೇಬೇಕು ಅಂತಾರೆ. ಈಜು ಬಿಡಿಸಿ, ಈ ವಯಸ್ಸಲ್ಲಿ ಒಂದನ್ನೇ ಹಿಡೀದಿದ್ರೆ ಮುಂದೆ ಏನೂ ಆಗಲ್ಲ ಅಂತಾನೂ ಅಂದ್ರು. ಎರಡು ತಿಂಗಳಿಂದ ಆಟ ಮುಗಿದ ಮೇಲೆ ಎರಡೂ ಹಿಮ್ಮಡಿ ನೋವು ಅಂತ ಕುಂಟ್ತಾಳೆ, ಬೆಳಿಗ್ಗೆ ಎದ್ದಾಗ್ಲೂ ಸ್ವಲ್ಪ ಹೊತ್ತು ಇರತ್ತೆ. ಮನೇಲಿ ಹಿರಿಯರು ಇಷ್ಟು ಓಡಿಸಿದ್ರೆ ಮೂಳೆ ಸವೆದು ಕುಳ್ಳಿ ಆಗ್ತಾಳೆ, ತಲೇಲಿ ಚೆಂಡು ಹೊಡೆದು ಹೊಡೆದು ಬುದ್ಧಿ ಮಂಕಾಗತ್ತೆ, ಓದೂ ಹಾಳು ಅಂತಾರೆ. ತಂಡದಲ್ಲಿ ಹುಡುಗರೇ ಜಾಸ್ತಿ, ಅವರ ಮಧ್ಯೆ ಏಟು ಬೀಳತ್ತೆ ಅನ್ನೋ ಭಯ ನನಗೂ ಇದೆ. ಇನ್ನು ಮಗ, 5 ವರ್ಷ. ಅಕ್ಕನ್ನ ನೋಡಿ ತಾನೂ ಬರ್ತೀನಿ ಅಂದ, ಕಳಿಸಿದ್ರೆ ಮೈದಾನದಲ್ಲಿ ಮಣ್ಣಾಡ್ತಾ ಕೂತ. ಅವನಿಗೆ ಆಸಕ್ತಿ ಇಲ್ಲ ಅಂದ್ರು ಕೋಚು. ಅವನ ಪಾದ ಬೇರೆ ಚಪ್ಪಟೆ. ಏನ್ ಮಾಡ್ಲಿ, ಎಲ್ಲಾ ನಿಲ್ಲಿಸಿಬಿಡ್ಲಾ?

ಉತ್ತರ: ನಿಮ್ಮ ಪ್ರಶ್ನೆ ಓದಿದ್ರೆ ಏಳೆಂಟು ಚಿಂತೆ ಕಾಣ್ಸತ್ತೆ, ಆದ್ರೆ ಬೇರು ಒಂದೇ. ಮಗಳ ಖುಷೀನ ಕಿತ್ಕೊಳ್ಳದೆ ಅವಳ ದೇಹಾನ ಕಾಪಾಡೋದು ಹೇಗೆ ಅನ್ನೋದು. ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ, ಕಾರಣ ಆಮೇಲೆ. ಫುಟ್‌ಬಾಲ್ ನಿಲ್ಲಿಸ್ಬೇಡಿ. ನಿಲ್ಲಿಸ್ಬೇಕಾಗಿರೋದು ಆ ಐದು ದಿನಾನ. ಈಜು ಅಂತೂ ಬಿಡಿಸ್ಲೇಬೇಡಿ.

ಹಿಮ್ಮಡಿಯಿಂದ ಶುರು ಮಾಡೋಣ, ಯಾಕಂದ್ರೆ ಈಗ ನಿಜವಾಗ್ಲೂ ನೋವಾಗ್ತಿರೋದು ಅಲ್ಲಿ. 8ರಿಂದ 12-13 ವರ್ಷದೊಳಗಿನ, ಜಾಸ್ತಿ ಓಡೋ ಜಿಗಿಯೋ ಮಕ್ಕಳು ನಮ್ಮ ಹತ್ರ ಕುಂಟ್ಕೊಂಡು ಬರೋದಕ್ಕೆ ಇದು ತುಂಬಾ ಮಾಮೂಲಿ ಕಾರಣ, ಹೆಸರು ಸೀವರ್ಸ್ ಡಿಸೀಸ್ ಅಂತ. ಡಿಸೀಸ್ ಅನ್ನೋ ಪದ ಕೇಳಿ ಗಾಬರಿ ಬೇಡ, ಅದು ರೋಗಾನೇ ಅಲ್ಲ. ಮಕ್ಕಳ ಹಿಮ್ಮಡಿ ಮೂಳೆಯ ಹಿಂಭಾಗದಲ್ಲಿ ಒಂದು ಬೆಳವಣಿಗೆಯ ಪದರ ಇರತ್ತೆ, ಗ್ರೋತ್ ಪ್ಲೇಟ್ ಅಂತೀವಿ, ಅದಿನ್ನೂ ಮೃದ್ವಸ್ಥಿ, ಪೂರ್ತಿ ಮೂಳೆ ಆಗಿರಲ್ಲ. ಮೀನಖಂಡದಿಂದ ಇಳಿದು ಬರೋ ದೊಡ್ಡ ಸ್ನಾಯುರಜ್ಜು ಸರಿಯಾಗಿ ಆ ಜಾಗಕ್ಕೇ ಅಂಟ್ಕೊಂಡಿರೋದು. ಪ್ರತಿ ಸಲ ಓಡಿದಾಗ, ಜಿಗಿದಾಗ ಅದು ಎಳೀತಾನೇ ಇರತ್ತೆ. ಹಸಿ ಗೋಡೆಗೆ ಮೊಳೆ ಹೊಡೆದು ಅದಕ್ಕೆ ಹಗ್ಗ ಕಟ್ಟಿ ದಿನಾ ಜಗ್ಗಿದ ಹಾಗೆ. ಜೊತೆಗೆ ಈ ವಯಸ್ಸಲ್ಲಿ ಮೂಳೆ ಬೇಗ ಉದ್ದ ಆಗತ್ತೆ, ಸ್ನಾಯು ಅಷ್ಟು ಬೇಗ ಸಡಿಲ ಆಗಲ್ಲ, ಹಾಗಾಗಿ ಎಳೆತ ಇನ್ನೂ ಜಾಸ್ತಿ.

ನಿಮ್ಮ ಮಗಳ ವಿಷಯದಲ್ಲಿ ನೀವು ಬರೆದಿರೋ ಮೂರು ಮಾತು ಇದರ ಕಡೆಗೇ ಬೊಟ್ಟು ಮಾಡತ್ತೆ. ಎರಡೂ ಕಾಲಲ್ಲಿ ನೋವಿದೆ, ಆಟ ಮುಗಿದ ಮೇಲೆ ಜಾಸ್ತಿ ಆಗತ್ತೆ, ಮತ್ತೆ 2 ದಿನ ಇದ್ದಿದ್ದು 5 ದಿನ ಆದ ಮೇಲೆ ಬಂದಿರೋ ಹಾಗಿದೆ. ಮನೇಲೇ ಒಂದು ಪರೀಕ್ಷೆ ಮಾಡ್ಬಹುದು. ಹಿಮ್ಮಡಿಯ ಎರಡು ಪಕ್ಕಾನೂ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಒತ್ತಿ ನೋಡಿ, ಅಲ್ಲಿ ಆಯ್ ಅಂದ್ರೆ ಬಹುತೇಕ ಇದೇ. ಸಾಮಾನ್ಯವಾಗಿ ಎಕ್ಸ್-ರೇ ಕೂಡ ಬೇಕಾಗಲ್ಲ, ಬೇರೆ ಏನೋ ಅನುಮಾನ ಇದ್ರೆ ಮಾತ್ರ ತೆಗೆಸ್ತೀವಿ. ಆದ್ರೂ ಎರಡು ತಿಂಗಳು ಕುಂಟ್ತಿದಾಳೆ ಅಂದ್ರೆ ಒಂದ್ಸಲ ಮಕ್ಕಳ ಡಾಕ್ಟ್ರೋ ಮೂಳೆ ಡಾಕ್ಟ್ರೋ ಕೈಯಿಟ್ಟು ನೋಡ್ಬೇಕು, ನಾನಿಲ್ಲಿ ಕೂತು ಓದಿ ಹೇಳೋದು ಅದಕ್ಕೆ ಸಮ ಅಲ್ಲ.

ತುಂಬಾ ಜನ ಇದನ್ನ ಬೆಳವಣಿಗೆ ನೋವು ಅಂತ ಬಿಟ್ಬಿಡ್ತಾರೆ. ಅದು ಬೇರೆ ಇದು ಬೇರೆ. ಬೆಳವಣಿಗೆ ನೋವು ಅನ್ನೋದು ಸಂಜೆ, ರಾತ್ರಿ ಬರೋದು, ತೊಡೆ ಮೀನಖಂಡ ಎಲ್ಲಾ ಸೆಳೆತ, ಒತ್ತಿದ್ರೆ ಹಿತ ಅನ್ಸತ್ತೆ, ಬೆಳಿಗ್ಗೆ ಎದ್ದ ಮಗು ಏನೂ ಆಗಿಲ್ಲದ ಹಾಗೆ ಓಡಾಡತ್ತೆ. ಕುಂಟೋದು ಅದರಲ್ಲಿ ಇಲ್ಲ. ಮಗು ಕುಂಟಿದ್ರೆ ಅದಕ್ಕೊಂದು ಕಾರಣ ಇದ್ದೇ ಇರತ್ತೆ, ಹುಡುಕ್ಬೇಕು. ಅದರಲ್ಲೂ ಒಂದೇ ಕಾಲಲ್ಲಿ ನೋವು, ರಾತ್ರಿ ನಿದ್ದೆಯಿಂದ ಎಬ್ಬಿಸೋ ನೋವು, ಊತ, ಕೆಂಪಾಗಿರೋದು, ಜ್ವರ, ತೂಕ ಇಳಿಯೋದು ಇದ್ರಲ್ಲಿ ಯಾವ್ದಾದ್ರೂ ಇದ್ರೆ ವಾರಗಟ್ಲೆ ಕಾಯ್ಬೇಡಿ, ಕೂಡ್ಲೇ ತೋರಿಸಿ.

ಸೀವರ್ಸ್‌ಗೆ ಮದ್ದು ಅಂದ್ರೆ ಮುಖ್ಯವಾಗಿ ಹೊರೆ ಇಳಿಸೋದು. ಕುಂಟದೆ ಎಷ್ಟು ಆಡಕ್ಕಾಗತ್ತೋ ಅಷ್ಟು ಆಡ್ಲಿ, ಕುಂಟೋಕೆ ಶುರು ಆದ್ರೆ ಆವತ್ತಿಗೆ ಆಟ ಮುಗೀತು. ಆಟ ಆದ್ಮೇಲೆ ಬಟ್ಟೇಲಿ ಸುತ್ತಿದ ಐಸು ಹತ್ತು ಹದಿನೈದು ನಿಮಿಷ. ಮೀನಖಂಡ ಹಿಗ್ಗಿಸೋ ವ್ಯಾಯಾಮ ದಿನಾ, ಗೋಡೆಗೆ ಕೈ ಕೊಟ್ಟು ಒಂದು ಕಾಲು ಹಿಂದಿಟ್ಟು ಹಿಮ್ಮಡಿ ನೆಲಕ್ಕೆ ಊರಿ ನಿಲ್ಲೋದು, ಆದ್ರೆ ನೋವು ಬರೋವರೆಗೂ ಎಳೀಬಾರ್ದು. ಶೂ ಒಳಗೆ ಹಿಮ್ಮಡಿ ಕೆಳಗೆ ಇಡೋ ಮೆತ್ತನೆ ಹೀಲ್ ಕಪ್ ಸಿಗತ್ತೆ, ಎರಡೂ ಕಾಲಿಗೂ ಹಾಕಿ. ಅಡಿಯಲ್ಲಿ ಸ್ಟಡ್, ಅಂದ್ರೆ ಜಾರದ ಹಾಗೆ ಗುಬುಟು ಇರೋ ಬೂಟು ಕೆಲವರಿಗೆ ನೋವು ಜಾಸ್ತಿ ಮಾಡತ್ತೆ, ಯಾಕಂದ್ರೆ ಅಡಿ ಗಟ್ಟಿ, ಹಿಮ್ಮಡಿ ತಗ್ಗು, ಸ್ಟಡ್ ನೇರ ಹಿಮ್ಮಡಿ ಕೆಳಗೇ ಒತ್ತತ್ತೆ. ಒಣ ಗಟ್ಟಿ ಮೈದಾನ ಆದ್ರೆ ಸದ್ಯಕ್ಕೆ ಮಾಮೂಲಿ ಕ್ರೀಡಾ ಶೂನಲ್ಲೇ ಆಡ್ಲಿ. ಈ ಪದರ ಮೂಳೆಯಾಗಿ ಕೂಡ್ಕೊಂಡ ಮೇಲೆ ನೋವು ತಾನೇ ಹೋಗತ್ತೆ, ಕಾಲಿಗೆ ಶಾಶ್ವತ ಹಾನಿ ಏನೂ ಉಳಿಯಲ್ಲ. ಅಲ್ಲೀವರೆಗೆ ಬಂದು ಹೋಗಿ ಮಾಡ್ಬಹುದು, ಅದಕ್ಕೆ ನೀವೂ ಅವಳೂ ತಯಾರಿರಿ. ಇನ್ನೊಂದು ಮಾತು, ನೋವಿನ ಮಾತ್ರೆ ಕೊಟ್ಟು ಮ್ಯಾಚಿಗೆ ಇಳಿಸೋದು ಮಾತ್ರ ಬೇಡ. ಹೀಗೆ ಮಾಡೋ ಪೋಷಕರನ್ನ ನಾನು ನೋಡ್ತಾನೇ ಇರ್ತೀನಿ. ನೋವು ಮುಚ್ಚಿಟ್ಟು ಆಡಿಸಿದ್ರೆ ಕೆಲವು ವಾರದಲ್ಲಿ ಕಮ್ಮಿ ಆಗೋದು ತಿಂಗಳುಗಟ್ಲೆ ಎಳ್ಕೊಳ್ಳತ್ತೆ.

ಈಗ ಮನೇಲಿರೋ ಹಿರಿಯರ ಮಾತು. ಓಡಿದ್ರೆ ಕುಳ್ಳಿ ಆಗ್ತಾಳೆ ಅನ್ನೋದು ಸುಳ್ಳು. ಎತ್ತರ ನಿರ್ಧಾರ ಆಗೋದು ಬಹುಪಾಲು ಅಪ್ಪ ಅಮ್ಮನ ವಂಶವಾಹಿಯಿಂದ, ಉಳಿದಿದ್ದು ಊಟ, ಆರೋಗ್ಯ, ಹಾರ್ಮೋನುಗಳಿಂದ. ಆಟದ ಹೊರೆಗೆ ಬೆಳವಣಿಗೆ ಪದರ ಬೇಗ ಮುಚ್ಕೊಂಡುಬಿಡತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಇದರ ಉಲ್ಟಾ ನಂಬಿಕೇನೂ ಸುಳ್ಳೇ, ಬಾಸ್ಕೆಟ್‌ಬಾಲ್ ಆಡಿದ್ರೆ, ಕಂಬಿಗೆ ಜೋತಾಡಿದ್ರೆ ಉದ್ದ ಆಗ್ತಾರೆ ಅನ್ನೋದು. ಬಾಸ್ಕೆಟ್‌ಬಾಲ್ ತಂಡದಲ್ಲಿ ಉದ್ದ ಇರೋರು ಕಾಣ್ತಾರೆ ಯಾಕಂದ್ರೆ ಉದ್ದ ಇರೋರನ್ನೇ ಆರಿಸಿರ್ತಾರೆ, ಅಷ್ಟೆ. ಆದ್ರೆ ಹಿರಿಯರ ಭಯದಲ್ಲಿ ಒಂದು ಎಳೆ ನಿಜ ಇದೆ, ಅದನ್ನ ತಳ್ಳಿಹಾಕ್ಬಾರ್ದು. ಬೆವರು ಸುರಿಯೋ ಹಾಗೆ ದಿನಾ ಗಂಟೆಗಟ್ಲೆ ಅಭ್ಯಾಸ ಮಾಡಿಸಿ, ಅದಕ್ಕೆ ತಕ್ಕ ಊಟ ನಿದ್ದೆ ಸಿಗದೇ ಇದ್ರೆ, ದೇಹ ಇರೋ ಶಕ್ತೀನ ಆಟಕ್ಕೆ ಸುರಿದು ಬೆಳವಣಿಗೆಗೆ ಕತ್ತರಿ ಹಾಕತ್ತೆ. ಹುಡುಗೀರಲ್ಲಿ ಮೈನೆರೆಯೋದು ತಡ ಆಗೋದು, ಮೂಳೆ ಸೊರಗೋದು ಇದರಿಂದ ಆಗತ್ತೆ. ಅದಕ್ಕೇ ಆಡೋ ಮಕ್ಕಳ ಎತ್ತರ ತೂಕ ಆರು ತಿಂಗಳಿಗೊಮ್ಮೆ ಬರೆದಿಡಿ, ಗೆರೆ ಮೇಲಕ್ಕೆ ಹೋಗ್ತಿದ್ರೆ ನಿಶ್ಚಿಂತೆ.

ಮೂಳೆ ಸವೆಯತ್ತೆ ಅನ್ನೋದಂತೂ ಪೂರ್ತಿ ತಲೆಕೆಳಗು. ಮೂಳೆ ಬಲಿಯೋದೇ ಹೊರೆ ಬಿದ್ದಾಗ. ಓಡಿ ತಟ್ಟನೆ ನಿಲ್ಲೋದು, ದಿಕ್ಕು ಬದಲಾಯಿಸೋದು, ಜಿಗಿದು ಇಳಿಯೋದು, ಈ ಕುಲುಕಾಟಕ್ಕೆ ಮೂಳೆಯೊಳಗಿನ ಜೀವಕೋಶಗಳು ಸ್ಪಂದಿಸಿ ಇನ್ನಷ್ಟು ಖನಿಜ ತುಂಬ್ಕೊಳ್ತವೆ. ಜೀವನ ಪೂರ್ತಿ ಬೇಕಾಗೋ ಮೂಳೆ ಬಂಡವಾಳದ ಹೆಚ್ಚುಪಾಲು ಇಪ್ಪತ್ತು ವರ್ಷದೊಳಗೆ ಜಮಾ ಆಗ್ಬಿಟ್ಟಿರತ್ತೆ, ಆಮೇಲೆ ಸೇರೋದು ಸ್ವಲ್ಪ, ಮುಂದೆ ಬರೀ ಖರ್ಚು. ಅದರಲ್ಲೂ ಮೈನೆರೆಯೋ ಮುಂಚಿನ ಮತ್ತು ಆಸುಪಾಸಿನ ವರ್ಷಗಳಲ್ಲಿ ಮೂಳೆ ಆಟಕ್ಕೆ ಚೆನ್ನಾಗಿ ಸ್ಪಂದಿಸತ್ತೆ. ಫುಟ್‌ಬಾಲ್ ಈ ಕೆಲಸಕ್ಕೆ ಒಳ್ಳೇ ಆಟ. ಈಜು ಎದೆ, ಶ್ವಾಸಕೋಶ, ಭುಜಕ್ಕೆ ಎಷ್ಟು ಒಳ್ಳೇದಾದ್ರೂ ನೀರು ಭಾರ ಹೊತ್ಕೊಂಡುಬಿಡೋದ್ರಿಂದ ಮೂಳೆಗೆ ಅಷ್ಟು ಉಪಯೋಗ ಇಲ್ಲ. ಹಾಗಂತ ಈಜು ಬಿಡ್ಬೇಕಾ? ಇಲ್ಲ, ಇಲ್ಲೇ ಇರೋದು ಮಜಾ. ಫುಟ್‌ಬಾಲ್ ಕಾಲಿಗೆ ಕೊಡೋದನ್ನ ಈಜು ಕೊಡಲ್ಲ, ಈಜು ಮೈಯ ಮೇಲ್ಭಾಗಕ್ಕೆ ಕೊಡೋದನ್ನ ಫುಟ್‌ಬಾಲ್ ಕೊಡಲ್ಲ. ಹಿಮ್ಮಡಿ ನೋವಿರೋವಾಗ ಒಂದು ಏಟೂ ಇಲ್ಲದೆ ದಮ್ಮು ಉಳಿಸ್ಕೊಳ್ಳೋಕೆ ನೀರಿಗಿಂತ ಒಳ್ಳೆ ಜಾಗ ಇಲ್ಲ. ಮತ್ತೆ ಈಜು ಬರೋ ಮಗು ನೀರಲ್ಲಿ ಮುಳುಗೋ ಅಪಾಯ ಕಮ್ಮಿ, ಬೇರೆ ಯಾವ ಆಟಕ್ಕೂ ಇಲ್ಲದ ಲಾಭ ಇದು. ಕೋಚ್ ಈಜನ್ನ ಬಿಡಿಸಿ ಅಂದಿದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ತಲೇಲಿ ಚೆಂಡು ಹೊಡೆಯೋ ವಿಷಯದಲ್ಲಿ ಮಾತ್ರ ನಾನು ಹಿರಿಯರ ಪಕ್ಷ. ಬುದ್ಧಿ ಮಂಕಾಗತ್ತೆ ಅಂತ ಆ ಮಾತಲ್ಲೇ ಹೇಳಲ್ಲ, ಆದ್ರೆ ಈ ವಯಸ್ಸಲ್ಲಿ ಅದು ಬೇಡ್ವೇ ಬೇಡ. 2019ರಲ್ಲಿ ಗ್ಲಾಸ್ಗೋ ಸಂಶೋಧಕರು ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಆಟಗಾರರ ಸಾವಿನ ದಾಖಲೆ ನೋಡಿದಾಗ ಮರೆವಿನ ಕಾಯಿಲೆ ಥರದ ಮೆದುಳು ಕ್ಷಯಿಸೋ ರೋಗಗಳಿಂದ ಸತ್ತಿರೋದು ಉಳಿದವರಿಗಿಂತ ಸುಮಾರು ಮೂರೂವರೆ ಪಟ್ಟು ಜಾಸ್ತಿ ಇತ್ತು. ಅದು ದಶಕಗಟ್ಲೆ ವೃತ್ತಿಯಾಗಿ ಆಡಿದ ಗಂಡಸರ ಕಥೆ, ತಲೆ ಹೊಡೆತವೇ ಕಾರಣ ಅಂತ ಆ ಅಧ್ಯಯನ ಸಾಬೀತು ಮಾಡಿಲ್ಲ, ಸಂಜೆ ಹೊತ್ತು ಆಡೋ ಮಗೂಗೆ ಅದನ್ನ ನೇರ ಅನ್ವಯಿಸೋಕಾಗಲ್ಲ. ಆದ್ರೂ ಎಚ್ಚರಿಕೆ ತಗೊಳ್ಳೋದು ಜಾಣತನ ಅಂತ 2020ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡಿನ ಫುಟ್‌ಬಾಲ್ ಸಂಸ್ಥೆಗಳು ಪ್ರೈಮರಿ ಶಾಲೆ ವಯಸ್ಸಿನ ಮಕ್ಕಳಿಗೆ ಅಭ್ಯಾಸದಲ್ಲಿ ಹೆಡಿಂಗ್ ಮಾಡಿಸ್ಬೇಡಿ ಅಂತ ಮಾರ್ಗಸೂಚಿ ಕೊಟ್ವು. ಅಮೆರಿಕದ ಸಾಕರ್ (ಅಲ್ಲಿ ಫುಟ್‌ಬಾಲ್‌ಗೆ ಹಾಗಂತಾರೆ) ಸಂಸ್ಥೆ ಅದಕ್ಕೂ ಮುಂಚೆ, 2015ರ ಕೊನೇಲೇ, 10 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹೆಡಿಂಗ್ ಬೇಡ ಅಂತ ಘೋಷಿಸಿತ್ತು. ಕಾರಣ ಸುಲಭ, ಚಿಕ್ಕ ಮಕ್ಕಳ ತಲೆ ಮೈಗೆ ಹೋಲಿಸಿದ್ರೆ ದೊಡ್ಡದು, ಕತ್ತಿನ ಸ್ನಾಯು ಎಳಸು, ಚೆಂಡು ಬಡಿದಾಗ ತಲೆ ಜಾಸ್ತಿ ಅಲುಗತ್ತೆ. ಹೆಡಿಂಗ್ ಆಮೇಲೂ ಕಲೀಬಹುದು, ಏನೂ ಮುಳುಗಿಹೋಗಲ್ಲ. ನಿಮ್ಮ ಕೋಚ್ ಮಾಡಿಸ್ತಿದಾರಾ ಕೇಳಿ, ಮಾಡಿಸ್ತಿದ್ರೆ ನನ್ನ ಮಗಳಿಗೆ ಬೇಡ ಅಂತ ನೇರ ಹೇಳಿ.

ಇದರ ಜೊತೆಗೇ ಒಂದು, ಡಿಕ್ಕಿ ಹೊಡೆದೋ ಬಿದ್ದೋ ತಲೆಗೆ ಪೆಟ್ಟಾಗಿ ಮಗು ಮಂಕಾಗಿದೆ, ತಲೆಸುತ್ತು, ತಲೆನೋವು, ವಾಕರಿಕೆ, ಏನು ನಡೀತು ಅಂತ ಗೊತ್ತಿಲ್ಲ ಅನ್ನೋ ಹಾಗಿದ್ರೆ ಆವತ್ತು ಮತ್ತೆ ಮೈದಾನಕ್ಕೆ ಇಳಿಸಲೇಬಾರ್ದು. ಈಗ ಸರಿಯಾಗಿದೀನಿ ಅಂತ ಅವಳೇ ಹಠ ಹಿಡಿದ್ರೂ ಇಲ್ಲ. ಡಾಕ್ಟರಿಗೆ ತೋರಿಸಿ, ಅವರು ಹೇಳಿದ ಮೇಲೆ ಹಂತ ಹಂತವಾಗಿ ವಾಪಸ್. ಪದೇ ಪದೇ ವಾಂತಿ, ಜಾಸ್ತಿ ಆಗ್ತಾ ಹೋಗೋ ತಲೆನೋವು, ಎಬ್ಬಿಸಿದ್ರೂ ಏಳದ ನಿದ್ದೆ, ಫಿಟ್ಸ್ ಇದ್ರೆ ನೇರ ಆಸ್ಪತ್ರೆ.

ಹುಡುಗರ ಮಧ್ಯೆ ಆಡೋ ಬಗ್ಗೆ ನೀವು ಭಯ ಪಡ್ಬೇಕಾಗಿಲ್ಲ. ಮೈನೆರೆಯೋ ಮುಂಚೆ ಹುಡುಗ ಹುಡುಗಿಯ ಶಕ್ತಿ, ವೇಗದಲ್ಲಿ ಇರೋ ವ್ಯತ್ಯಾಸ ತೀರಾ ಚಿಕ್ಕದು. ಒಂಬತ್ತು ವರ್ಷದ ಗಟ್ಟಿಗಿತ್ತಿ ತನ್ನ ಓರಗೆಯ ಹುಡುಗರನ್ನ ದಾಟಿ ಹೋಗೋದು ದಿನಾ ನೋಡೋ ವಿಷಯ. ಅಷ್ಟಕ್ಕೂ ಹತ್ತು ವರ್ಷದೊಳಗಿನವರ ಫುಟ್‌ಬಾಲ್‌ನಲ್ಲಿ ಪೆಟ್ಟು ಹದಿಹರೆಯದವರಿಗಿಂತ ಕಮ್ಮಿ, ತೂಕ ಕಮ್ಮಿ ವೇಗ ಕಮ್ಮಿ, ಹೆಚ್ಚಿನವು ತರಚು, ಉಳುಕು. ಮೊಣಕಾಲ ಕೆಳಗೆ ಕಾಲಿನ ಮುಂಭಾಗ ಕಾಪಾಡೋ ಶಿನ್‌ಗಾರ್ಡ್ ಅಭ್ಯಾಸದಲ್ಲೂ ಹಾಕ್ಲಿ. ನಿಜವಾಗ್ಲೂ ಭಯ ಪಡ್ಬೇಕಾದ್ದು ಯಾರೂ ನೋಡದ ಒಂದು ವಸ್ತುವಿಗೆ, ಎತ್ತಿಡೋ ಗೋಲ್ ಪೋಸ್ಟು. ನೆಲಕ್ಕೆ ಬಿಗಿದಿಲ್ಲದ ಗೋಲ್ ಪೋಸ್ಟಿಗೆ ಮಕ್ಕಳು ಜೋತುಬಿದ್ದು ಅದು ಮೈಮೇಲೆ ಮಗುಚಿ ಸತ್ತಿರೋ ಪ್ರಕರಣಗಳು ದಾಖಲಾಗಿವೆ. ನಾಳೆ ಹೋದಾಗ ಒಂದ್ಸಲ ಅಲ್ಲಾಡಿಸಿ ನೋಡಿ.

ಪೆಟ್ಟು ತಪ್ಪಿಸೋಕೆ ಇನ್ನೊಂದು ಉಪಾಯ ಇದೆ, ದುಡ್ಡೂ ಬೇಡ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ್ದು, ಫಿಫಾ 11 ಪ್ಲಸ್ ಕಿಡ್ಸ್ ಅಂತ ಒಂದು ವಾರ್ಮಪ್ ಕ್ರಮ, ಏಳು ವ್ಯಾಯಾಮ, ಹದಿನೈದು ಇಪ್ಪತ್ತು ನಿಮಿಷ. ಒಂಟಿ ಕಾಲಲ್ಲಿ ನಿಲ್ಲೋದು, ಜಿಗಿದು ಮೆತ್ತಗೆ ಇಳಿಯೋದು, ಸರಿಯಾಗಿ ಬೀಳೋದು ಹೇಗೆ ಅಂತ ಕಲಿಸೋದು ಇಂಥವು. ಸ್ವಿಟ್ಜರ್ಲೆಂಡ್, ಜರ್ಮನಿ, ನೆದರ್ಲೆಂಡ್ಸ್, ಝೆಕ್ ಗಣರಾಜ್ಯದಲ್ಲಿ 7ರಿಂದ 12 ವರ್ಷದ ಸಾವಿರಾರು ಮಕ್ಕಳ ಮೇಲೆ ಪರೀಕ್ಷೆ ಮಾಡಿದಾಗ ಪೆಟ್ಟುಗಳು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದ್ವು. ಎರಡು ಸುತ್ತು ಓಡಿಸಿ ನೇರ ಮ್ಯಾಚ್ ಶುರು ಮಾಡೋ ಕೋಚುಗಳಿಗೆ ಇದನ್ನ ತೋರಿಸ್ಬೇಕು.

ಸರಿ, ಈಗ ದೊಡ್ಡ ವಿಷಯ, ಆ ಐದು ದಿನ. ಕೋಚ್ ಹೇಳಿದ್ದು ಕೆಟ್ಟ ಉದ್ದೇಶದಿಂದ ಅಂತ ನಾನು ಹೇಳಲ್ಲ, ಬಹಳಷ್ಟು ಕೋಚುಗಳು ಪ್ರಾಮಾಣಿಕವಾಗೇ ಹಾಗೆ ನಂಬಿರ್ತಾರೆ. ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದ್ರೆ ಯಾರು ಬೇಕಾದ್ರೂ ಶ್ರೇಷ್ಠರಾಗ್ತಾರೆ ಅನ್ನೋ ಮಾತು ನೀವೂ ಕೇಳಿರ್ತೀರಿ. ಅದರ ಮೂಲ 1993ರಲ್ಲಿ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನ. ಅದಕ್ಕೂ ಒಂಬತ್ತು ವರ್ಷದ ಮಗು ಬೆಳೀತಿರೋ ಕಾಲಲ್ಲಿ ಓಡೋದಕ್ಕೂ ಸಂಬಂಧ ಇಲ್ಲ, ಪಿಟೀಲು ಹಿಮ್ಮಡೀನ ಎಳಿಯಲ್ಲ. ಮಕ್ಕಳ ಕ್ರೀಡಾ ವೈದ್ಯರು ಬಳಸೋ ಸುಲಭ ಲೆಕ್ಕ ಏನಪ್ಪಾ ಅಂದ್ರೆ, ವಾರಕ್ಕೆ ಸಂಘಟಿತ ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ವರ್ಷಗಳನ್ನ ಮೀರ್ಬಾರ್ದು. ಅದನ್ನ ಮೀರಿದ ಮಕ್ಕಳಲ್ಲಿ ಅತಿಬಳಕೆಯ ಗಂಭೀರ ಪೆಟ್ಟು ಜಾಸ್ತಿ ಕಂಡಿದೆ. ನಿಮ್ಮ ಮಗಳಿಗೆ 9, ತರಬೇತಿ 10 ಗಂಟೆ, ಅದರ ಮೇಲೆ ಮ್ಯಾಚು, ಶಾಲೆ ಆಟ ಬೇರೆ. ಅದೂ ವಾರಕ್ಕೆ 2 ದಿನ ಇದ್ದಿದ್ದನ್ನ ಒಂದೇ ಸಲ 5 ಮಾಡಿದ್ದಾರೆ, ದೊಡ್ಡವರ ಮೈಯೇ ಅದನ್ನ ತಡ್ಕೊಳ್ಳಲ್ಲ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳೋದು ಇಷ್ಟು: ಒಂದೇ ಆಟಕ್ಕೆ ಸೀಮಿತ ಆಗೋದನ್ನ 15-16 ವರ್ಷದವರೆಗೆ ಮುಂದೂಡಿದ್ರೆ ಒಳ್ಳೇದು, ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವು ಬೇಕು, ವರ್ಷದಲ್ಲಿ ಒಟ್ಟು ಮೂರು ತಿಂಗಳು, ಒಂದೊಂದು ತಿಂಗಳಾಗಿ ಬಿಡಿಸಿಯಾದ್ರೂ ಸರಿ, ಆ ಆಟದಿಂದ ದೂರ ಇರ್ಲಿ. ಆಗ ಬೇರೆ ಆಟ ಆಡ್ಬಹುದು, ಸುಮ್ನೆ ಕೂರ್ಬೇಕು ಅಂತಲ್ಲ. ಜಿಮ್ನಾಸ್ಟಿಕ್ಸ್ ಥರದ, ಚಿಕ್ಕ ವಯಸ್ಸಲ್ಲೇ ಶಿಖರ ಮುಟ್ಟೋ ಕೆಲವು ಆಟದ ಲೆಕ್ಕ ಬೇರೆ. ಫುಟ್‌ಬಾಲ್ ಆಟಗಾರರು ತಮ್ಮ ಶಿಖರ ಮುಟ್ಟೋದು ಇಪ್ಪತ್ತೈದರ ಆಸುಪಾಸು ಮತ್ತು ಆಮೇಲೆ. ಒಂಬತ್ತಕ್ಕೆ ಅವಸರ ಏನು?

ಮುಂದೆ ಏನೂ ಆಗಲ್ಲ ಅಂದ್ರಲ್ಲ ಕೋಚು, ಅದಕ್ಕೆ ಒಂದೆರಡು ಉದಾಹರಣೆ. ಜರ್ಮನಿಯ ವೃತ್ತಿಪರ ಆಟಗಾರರ ಬಾಲ್ಯ ಹೇಗಿತ್ತು ಅಂತ ಒಂದು ಅಧ್ಯಯನ ಕೆದಕಿ ನೋಡಿದಾಗ, ರಾಷ್ಟ್ರೀಯ ತಂಡಕ್ಕೆ ಬಂದವರು ಹವ್ಯಾಸಿಗಳಾಗೇ ಉಳಿದವರಿಗಿಂತ ಭಿನ್ನ ಆಗಿದ್ದು ಎಲ್ಲಿ ಅಂದ್ರೆ, ಚಿಕ್ಕವರಿದ್ದಾಗ ಕೋಚ್ ಇಲ್ಲದೆ ತಮ್ಮಷ್ಟಕ್ಕೆ ತಾವು ಹೆಚ್ಚು ಫುಟ್‌ಬಾಲ್ ಆಡಿದ್ರು, ಹದಿಹರೆಯದಲ್ಲಿ ಬೇರೆ ಆಟಾನೂ ಆಡ್ತಿದ್ರು, ಒಂದೇ ಆಟಕ್ಕೆ ಬಂದಿದ್ದು ತಡವಾಗಿ. ನಾರ್ವೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 1987ರಿಂದ ಅಲ್ಲಿ ಮಕ್ಕಳ ಕ್ರೀಡೆಗೆ ಪ್ರತ್ಯೇಕ ನಿಯಮ ಇದೆ, ಚಿಕ್ಕ ಮಕ್ಕಳ ಪಂದ್ಯದ ಫಲಿತಾಂಶ ಪಟ್ಟಿ, ಅಂಕ ಪಟ್ಟಿ ಹಾಕೋ ಹಾಗಿಲ್ಲ, 13 ವರ್ಷದ ಒಳಗಿನವರಿಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಐವತ್ತೈದು ಲಕ್ಷ ಜನ ಇರೋ ಆ ದೇಶ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 39 ಪದಕ ಗೆದ್ದು ಎಲ್ಲರಿಗಿಂತ ಮೇಲಿತ್ತು. ಹೆಸರಾಂತ ಫುಟ್‌ಬಾಲ್ ಆಟಗಾರ ಎರ್ಲಿಂಗ್ ಹಾಲಂಡ್ ಅಲ್ಲೇ ಬೆಳೆದವನು, ಚಿಕ್ಕವನಿದ್ದಾಗ ಹ್ಯಾಂಡ್‌ಬಾಲ್, ಅಥ್ಲೆಟಿಕ್ಸ್ ಎಲ್ಲಾ ಆಡಿದಾನೆ. ಟೆನಿಸ್‌ನ ಫೆಡರರ್ ಕೂಡ ಬಾಲ್ಯದಲ್ಲಿ ಫುಟ್‌ಬಾಲ್ ಆಡ್ಕೊಂಡಿದ್ದವನೇ. ಹಾಗಂತ ಬೇರೆ ಆಟ ಆಡಿದ್ರೆ ನಿಮ್ಮ ಮಗಳು ಹಾಲಂಡ್ ಆಗ್ತಾಳೆ ಅಂತಲ್ಲ ಮತ್ತೆ, ಒಂದನ್ನೇ ಹಿಡೀದಿದ್ರೆ ದಾರಿ ಮುಚ್ಚಿಹೋಗತ್ತೆ ಅನ್ನೋ ಹೆದರಿಕೆಗೆ ಅರ್ಥ ಇಲ್ಲ ಅಂತ ಅಷ್ಟೆ.

ಕಾರಣ ಊಹಿಸೋದು ಕಷ್ಟ ಅಲ್ಲ. ಚೆಂಡು ಹಿಡಿಯೋದು, ಎಸೆಯೋದು, ಮರ ಹತ್ತೋದು, ತೂಗಾಡೋದು, ತಪ್ಪಿಸ್ಕೊಂಡು ಓಡೋದು ಎಲ್ಲಾ ಬೇರೆ ಬೇರೆ ಸ್ನಾಯು, ಬೇರೆ ಬೇರೆ ಸಮತೋಲನ ಬೇಡತ್ತೆ. ಹೊರೆ ಹಂಚಿಹೋಗತ್ತೆ, ಒಂದೇ ಜಾಗಕ್ಕೆ ಪದೇ ಪದೇ ಬೀಳಲ್ಲ. ಮತ್ತೆ ಕೋಚ್ ಇಲ್ಲದೆ ಆಡೋವಾಗ ಯಾರು ಯಾವ ತಂಡ, ಗೋಲ್ ಆಯ್ತೋ ಇಲ್ವೋ, ಜಗಳ ಬಂದ್ರೆ ಹೇಗೆ ಬಿಡಿಸೋದು ಅನ್ನೋದನ್ನೆಲ್ಲಾ ಮಕ್ಕಳೇ ತೀರ್ಮಾನ ಮಾಡ್ಬೇಕು. ಆಟದಿಂದ ಮನಸ್ಸಿಗೆ ಆಗೋ ಲಾಭ ಅಂತ ಎಲ್ಲರೂ ಹೇಳ್ತಾರಲ್ಲ, ಅದರ ಬಹುಪಾಲು ಇರೋದೇ ಇಲ್ಲಿ, ಸಾಲಲ್ಲಿ ನಿಂತು ತನ್ನ ಸರದಿಗೆ ಕಾಯೋ ಡ್ರಿಲ್‌ನಲ್ಲಲ್ಲ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಾಕರ್ ಆಡೋ ಮಕ್ಕಳನ್ನ ಆಟದಲ್ಲಿ ಖುಷಿ ಕೊಡೋದೇನು ಅಂತ ಕೇಳಿದಾಗ 81 ಅಂಶಗಳ ಪಟ್ಟಿ ಬಂತು. ಗೆಲ್ಲೋದು ಅದರಲ್ಲಿ ಮೇಲೆಲ್ಲೂ ಇರಲಿಲ್ಲ. ಚೆನ್ನಾಗಿ ಪ್ರಯತ್ನ ಪಡೋದು, ಒಳ್ಳೇ ಕೋಚು, ಜೊತೆಗಾರರ ಜೊತೆ ಸರಿಯಾಗಿರೋದು ಇಂಥವೇ ಮೇಲಿದ್ವು.

ಓದು ಹಾಳಾಗತ್ತಾ? ದೈಹಿಕ ಶಿಕ್ಷಣಕ್ಕೆ, ಆಟಕ್ಕೆ ಸಮಯ ಕೊಟ್ಟಿದ್ದರಿಂದ ಅಂಕ ಕಮ್ಮಿ ಆಗತ್ತೆ ಅಂತ ಸಂಶೋಧನೆಗಳಲ್ಲಿ ಕಂಡಿಲ್ಲ, ಆಡಿ ಬಂದ ಮೇಲೆ ಸ್ವಲ್ಪ ಹೊತ್ತು ಗಮನ ಸುಧಾರಿಸೋದನ್ನ ತೋರಿಸಿದ ಅಧ್ಯಯನಗಳಿವೆ. ಓದು ಹಾಳಾಗೋದು ನಿದ್ದೆ ಹಾಳಾದಾಗ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ತರಬೇತಿ ಮುಗಿದು ಮನೆಗೆ ಬಂದು ಊಟ, ಹೋಂವರ್ಕು ಅಂತ ಮಲಗೋದು ತಡ ಆಗ್ತಿದ್ರೆ, ಬೆಳಿಗ್ಗೆ ಎಬ್ಬಿಸೋಕೆ ಯುದ್ಧ ಮಾಡ್ಬೇಕಾಗ್ತಿದ್ರೆ ಹಿರಿಯರ ಮಾತಲ್ಲಿ ಸತ್ಯ ಇದೆ ಅಂತ ಇಟ್ಕೊಳ್ಳಿ. ಎರಡ್ಮೂರು ದಿನಕ್ಕೆ ಇಳಿಸಿದ್ರೆ ಇದೂ ತಾನಾಗೇ ಸರಿ ಹೋಗತ್ತೆ.

ಯಾರೂ ಅಷ್ಟಾಗಿ ಹೇಳದ ಇನ್ನೊಂದು ಲಾಭ ಕಣ್ಣಿಂದು. ಹಗಲು ಬೆಳಕಲ್ಲಿ ಹೊರಗೆ ಇರೋ ಮಕ್ಕಳಿಗೆ ದೂರದ್ದು ಮಸುಕಾಗೋ ಸಮೀಪದೃಷ್ಟಿ ಬರೋ ಸಾಧ್ಯತೆ ಕಮ್ಮಿ. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಚಟುವಟಿಕೆ ಕೊಟ್ಟು ಮೂರು ವರ್ಷ ನೋಡಿದಾಗ, ಹೊಸದಾಗಿ ಸಮೀಪದೃಷ್ಟಿ ಬಂದವರು ಶೇ. 30.4, ಹಾಗೆ ಕೊಡದ ಶಾಲೆಗಳಲ್ಲಿ ಶೇ. 39.5. 2015ರಲ್ಲಿ ಪ್ರಕಟ ಆಗಿದ್ದು ಇದು. ಇಲ್ಲಿ ಕೆಲಸ ಮಾಡೋದು ಆಟ ಅನ್ನೋದಕ್ಕಿಂತ ಬೆಳಕು, ಹಾಗಾಗಿ ಒಳಾಂಗಣ ಅಂಗಳದಲ್ಲಿ ಎಷ್ಟು ಆಡಿದ್ರೂ ಈ ಲಾಭ ಸಿಗಲ್ಲ. ಈಗಾಗ್ಲೇ ಕನ್ನಡಕ ಬಂದಿದ್ರೆ ಅದು ಹೋಗಲ್ಲ, ಅದೂ ಗೊತ್ತಿರ್ಲಿ.

ಹಾಗಾದ್ರೆ ನಿಮ್ಮ ಮುಂದೆ ಏನೇನು ದಾರಿ ಇದೆ. ಈಗ ನಡೀತಿರೋ ಹಾಗೇ ಬಿಡೋದು ಒಂದು, ಅದರಲ್ಲಿ ಹಿಮ್ಮಡಿ ವಾಸಿ ಆಗಲ್ಲ, ನೋವು ತಪ್ಪಿಸೋಕೆ ಕಾಲು ವಾರೆ ಹಾಕಿ ಓಡಿ ಮಂಡಿಗೂ ತರ್ಕೊಳ್ಬಹುದು, ಒಂದೆರಡು ವರ್ಷದಲ್ಲಿ ಆಟವೇ ಬೇಡ ಅನ್ನಿಸ್ಬಹುದು. ಈ ಕೊನೇದನ್ನ ನಾನು ಹದಿಮೂರು ಹದಿನಾಲ್ಕರ ಮಕ್ಕಳಲ್ಲಿ ನೋಡ್ತಾ ಇರ್ತೀನಿ, ಒಂದು ಕಾಲಕ್ಕೆ ಚೆಂಡು ತಬ್ಕೊಂಡೇ ಮಲಗ್ತಿದ್ದವರು. ಎರಡನೇದು ಪೂರ್ತಿ ನಿಲ್ಲಿಸೋದು. ಹಿಮ್ಮಡಿ ಬೇಗ ಸುಮ್ಮನಾಗತ್ತೆ ನಿಜ, ಆದ್ರೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರೋ ಹಾಗಿನ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಅದನ್ನ ಎಲ್ಲಿಂದ ತರ್ತೀರಿ? ಪ್ರಾಣ ಅನ್ನೋ ಆಟ ಕಿತ್ಕೊಂಡ್ರೆ ಆ ಜಾಗಕ್ಕೆ ಬರೋದು ಸಾಮಾನ್ಯವಾಗಿ ಮೊಬೈಲು. ಮುಂದೆ ನೋವಾದ್ರೂ ಅವಳು ನಿಮಗೆ ಹೇಳದೇ ಮುಚ್ಚಿಡೋಕೆ ಶುರು ಮಾಡ್ತಾಳೆ, ಅದು ಇನ್ನೂ ಕೆಟ್ಟದ್ದು.

ನನ್ನ ಆಯ್ಕೆ ಮೂರನೇದು. ಮೊದಲ ಎರಡ್ಮೂರು ವಾರ ಓಟ ಕಮ್ಮಿ, ಈಜು ಜಾಸ್ತಿ, ಚೆಂಡಿನ ಜೊತೆ ನಿಂತಲ್ಲೇ ಮಾಡೋ ಕೌಶಲ ಮಾತ್ರ. ಕುಂಟೋದು ನಿಂತ ಮೇಲೆ ವಾರಕ್ಕೆ 2 ದಿನ, ಆಮೇಲೆ ಹೊಂದಿದ್ರೆ 3. ಒಂದೆರಡು ದಿನ ಈಜೋ ಬೇರೆ ಏನೋ, ಒಂದು ದಿನವಾದ್ರೂ ಯಾವ ಕ್ಲಾಸೂ ಇಲ್ಲ, ಬರೀ ಬೀದಿ ಆಟ. ಕೋಚಿಗೆ ಇದು ಒಪ್ಪಿಗೆ ಆದ್ರೆ ಸರಿ. 5 ದಿನ ಬರೋದಾದ್ರೆ ಬನ್ನಿ, ಇಲ್ದಿದ್ರೆ ತಂಡದಲ್ಲಿ ಜಾಗ ಇಲ್ಲ ಅಂದ್ರೆ ಬೇರೆ ಕೋಚ್ ಹುಡುಕಿ. ತಂಡ ಬಿಟ್ಟಾಗ ಗೆಳೆಯರು ತಪ್ಪಿಹೋಗ್ತಾರೆ, ಅವಳು ಅಳ್ತಾಳೆ, ಅದನ್ನ ಚಿಕ್ಕ ವಿಷಯ ಅಂತ ನಾನು ಹೇಳಲ್ಲ, ಅದಕ್ಕೇ ಮೊದ್ಲು ಮಾತಾಡಿ ನೋಡಿ. ಬಹಳ ಕೋಚುಗಳು ಡಾಕ್ಟರ್ ಚೀಟಿ ನೋಡಿದ್ರೆ ಮೆತ್ತಗಾಗ್ತಾರೆ, ತಗೊಂಡು ಹೋಗಿ. ಹೊಸ ಜಾಗ ನೋಡೋದಾದ್ರೆ ಅರ್ಧ ಗಂಟೆ ಬೇಲಿ ಪಕ್ಕ ನಿಂತು ಗಮನಿಸಿ, ಮಕ್ಕಳು ಚೆಂಡು ಮುಟ್ತಿದಾರೋ ಸಾಲಲ್ಲಿ ನಿಂತಿದಾರೋ, ನೀರಿಗೆ ಬಿಡ್ತಾರೋ ಇಲ್ವೋ, ತಪ್ಪು ಮಾಡಿದ ಮಗು ಕೋಚಿನ ಮುಖ ನೋಡಿ ಹೆದರತ್ತೋ ನಗತ್ತೋ. ಈ ವಯಸ್ಸಿಗೆ ಹನ್ನೊಂದು ಹನ್ನೊಂದು ಜನರ ದೊಡ್ಡ ಮೈದಾನ ಬೇಡ, ಐದೈದು ಏಳೇಳು ಜನರ ಚಿಕ್ಕ ಆಟ ಇದ್ರೆ ಪ್ರತಿ ಮಗುವಿಗೂ ಚೆಂಡು ಸಿಗತ್ತೆ. ಅವಳಿಗೆ 4ನೇ ಸೈಜಿನ ಚೆಂಡು, 5 ಅಲ್ಲ. ಆಡೋವಾಗ ಎದೆ ನೋವು, ತಲೆಸುತ್ತಿ ಬೀಳೋದು ಆಗಿದ್ರೆ ಅಥವಾ ಮನೇಲಿ ಯಾರಾದ್ರೂ ಐವತ್ತರೊಳಗೆ ಹೃದಯದ ತೊಂದರೆಯಿಂದ ದಿಢೀರ್ ತೀರ್ಕೊಂಡಿದ್ರೆ ಡಾಕ್ಟರಿಗೆ ಅದನ್ನ ಮರೀದೆ ಹೇಳಿ.

ಕೊನೇದಾಗಿ ಮಣ್ಣಾಡ್ತಾ ಕೂತವನು. ಅವನಿಗೆ ಆಸಕ್ತಿ ಇಲ್ಲ ಅಂದಿದ್ದು ಅವಸರದ ತೀರ್ಪು. ಐದು ವರ್ಷಕ್ಕೆ ತಂಡ, ಜಾಗ, ಪಾಸ್ ಅನ್ನೋದು ತಲೆಗೆ ಹೋಗೋದಿಲ್ಲ, ಚೆಂಡು ಎಲ್ಲಿದ್ಯೋ ಅಲ್ಲಿಗೆ ಎಲ್ಲರೂ ನುಗ್ಗೋದೇ ಆ ವಯಸ್ಸಿನ ಫುಟ್‌ಬಾಲು, ಇಲ್ಲಾಂದ್ರೆ ಮಣ್ಣು. ಬೇಗ ಬರೋ ಚೆಂಡಿನ ವೇಗ ಅಂದಾಜು ಮಾಡೋ ಕಣ್ಣೂ ಇನ್ನೂ ಪಳಗಿರಲ್ಲ. ಸಂಘಟಿತ ತರಬೇತಿಗೆ ಸುಮಾರು 6 ವರ್ಷ ಆದ ಮೇಲೆ ಹೆಚ್ಚಿನ ಮಕ್ಕಳು ತಯಾರಾಗ್ತಾರೆ, ಅದಕ್ಕೂ ಮುಂಚೆ ಸೇರಿಸೋದ್ರಿಂದ ಅಂಥ ಮುನ್ನಡೆ ಏನೂ ಸಿಗಲ್ಲ. ಅವನು ತನ್ನ ಗುಂಪಲ್ಲಿ ಚಿಕ್ಕವನಾ ನೋಡಿ, ಒಂದೇ ವರ್ಷದ ಗುಂಪಲ್ಲಿ ಮೊದಲ ತಿಂಗಳಲ್ಲಿ ಹುಟ್ಟಿದವನಿಗೂ ಕೊನೇ ತಿಂಗಳಲ್ಲಿ ಹುಟ್ಟಿದವನಿಗೂ ಐದು ವರ್ಷಕ್ಕೆ ಇರೋ ಅಂತರ ಜೀವಮಾನದ ಐದನೇ ಒಂದು ಭಾಗದಷ್ಟು. ದೊಡ್ಡವರನ್ನ ಪ್ರತಿಭೆ ಅಂತ, ಚಿಕ್ಕವರನ್ನ ಆಗಲ್ಲ ಅಂತ ಅಂದ್ಕೊಂಡುಬಿಡೋದು ಹಲವು ಆಟಗಳ ಆಯ್ಕೆಯಲ್ಲಿ ಕಂಡಿರೋ ದೋಷ.

ಅವನ ಪಾದದ ಚಿಂತೇನೂ ಬಿಡಿ. ಚಿಕ್ಕ ಮಕ್ಕಳ ಪಾದ ಚಪ್ಪಟೆಯಾಗೇ ಇರತ್ತೆ, ಕಮಾನು ಮೂಡ್ತಾ ಮೂಡ್ತಾ ಆರೇಳು ವರ್ಷ, ಕೆಲವರಿಗೆ ಹತ್ತಾಗತ್ತೆ. ತುದಿಗಾಲಲ್ಲಿ ನಿಲ್ಲಿಸಿ ನೋಡಿ, ಆಗ ಕಮಾನು ಕಂಡ್ರೆ, ನೋವೂ ಇಲ್ಲ ಅಂದ್ರೆ ಏನೂ ಮಾಡೋದು ಬೇಡ, ವಿಶೇಷ ಶೂ, ಇನ್‌ಸೋಲು ಹಾಕಿದ್ರೆ ಕಮಾನು ಬೇಗ ಬರತ್ತೆ ಅನ್ನೋದಕ್ಕೆ ಆಧಾರ ಇಲ್ಲ. ತುದಿಗಾಲಲ್ಲೂ ಕಮಾನು ಕಾಣ್ದಿದ್ರೆ, ಪಾದ ಬಿಗಿಯಾಗಿದ್ರೆ, ನೋವಿದ್ರೆ ಅಕ್ಕನ್ನ ತೋರಿಸೋಕೆ ಹೋದಾಗ ಅವನನ್ನೂ ಕರ್ಕೊಂಡು ಹೋಗಿ. ಸದ್ಯಕ್ಕೆ ಒಂದು 3ನೇ ಸೈಜಿನ ಚೆಂಡು ಕೊಡಿ, ಬರಿಗಾಲಲ್ಲಿ ಅಕ್ಕನ ಜೊತೆ ಅಂಗಳದಲ್ಲಿ ಒದೀತಾ ಆಡ್ಲಿ, ಮುಂದಿನ ವರ್ಷ ಅವನೇ ಕೇಳಿದ್ರೆ ಸೇರಿಸಿ, ಕೇಳ್ದಿದ್ರೆ ಬೇರೆ ಯಾವ್ದೋ ಆಟ ಹಿಡೀತಾನೆ ಬಿಡಿ.